ನೆಲಹಾಸಿನ ಮೇಲಿನ ಸೇನಾಪತಿ: ಎಚ್. ಜಿ. ವೆಲ್ಸ್

ಯುದ್ಧವನ್ನು ಆಟವಾಗಿ ಆಡುವ ಬುದ್ಧಿ ನಮ್ಮ ಜನಕ್ಕೆ ಹೊಸದಲ್ಲ. ಆನೆ, ಕುದುರೆ, ರಥ, ಕಾಲಾಳು ಎಂಬ ಚತುರಂಗ ಬಲವನ್ನು ಮಣೆಯ ಮೇಲಿಳಿಸಿ ಜಗತ್ತಿಗೇ ಚದುರಂಗವನ್ನು ಕೊಟ್ಟ ದೇಶ ನಮ್ಮದು. ನವರಾತ್ರಿ ಬಂದಿತೆಂದರೆ, ಊರು ಬಿಟ್ಟು ಬಂದು ಎರಡು ಕೋಣೆಯ ಮನೆಗಳಲ್ಲಿ ಬಾಳುವೆ ಮಾಡುವ ನಮ್ಮ ಕುಟುಂಬಗಳಲ್ಲಿಯೂ ಪೆಟ್ಟಿಗೆಯಿಂದ ಪಟ್ಟದ ಬೊಂಬೆಗಳು ಹೊರಬರುತ್ತವೆ. ಅವುಗಳ ಹಿಂದೆ ಮುಂದೆ ಸಿಪಾಯಿಗಳೂ ಸವಾರರೂ ಸಾಲುಗಟ್ಟುತ್ತಾರೆ. ಹಿರಿಯರು ಆ ಸಾಲನ್ನು ಒಪ್ಪವಾಗಿಟ್ಟು ಅತ್ತ ತಿರುಗಿದರೆ ಸಾಕು, ಹುಡುಗರು ಅದನ್ನು ಎರಡು ಪಾಳೆಯ ಮಾಡಿ ಕಾಳಗಕ್ಕೆ ಹೂಡಿರುತ್ತಾರೆ. ಕಂಡು ಗದರಿಸುವುದು ನಮ್ಮೆಲ್ಲರ ವಾಡಿಕೆ.

ಆದರೆ ನಾಲ್ವತ್ತಾರು ವರ್ಷ ವಯಸ್ಸಿನ, ಲೋಕವಿಖ್ಯಾತನಾದ ಒಬ್ಬ ಗ್ರಂಥಕರ್ತನು ಮಕ್ಕಳೊಡನೆ ನೆಲದ ಮೇಲೆ ಮೊಣಕಾಲೂರಿ ಇದೇ ಆಟವನ್ನಾಡಿದನು. ಅಷ್ಟಕ್ಕೇ ನಿಲ್ಲದೆ ಅದಕ್ಕೆ ಕ್ರಮವಾದ ನಿಯಮಗಳನ್ನು ಕಟ್ಟಿ ಪುಸ್ತಕವನ್ನೂ ಬರೆದನು. ಇಂದು ದೇಶದೇಶಗಳಲ್ಲಿ ಪುಟ್ಟ ಲೋಹದ ಗೊಂಬೆಗಳನ್ನು ಮೇಜಿನ ಮೇಲೆ ನಿಲ್ಲಿಸಿ ಸಾವಿರಾರು ವರ್ಷ ಹಳೆಯ ಕದನಗಳನ್ನು ಮರಳಿ ಆಡುವ ಹವ್ಯಾಸಿಗಳು ಆತನನ್ನು ತಮ್ಮ ಮೂಲಪುರುಷನೆಂದು ಎಣಿಸುತ್ತಾರೆ. ಆತನೇ ಹರ್ಬರ್ಟ್ ಜಾರ್ಜ್ ವೆಲ್ಸ್. ಯುದ್ಧವನ್ನು ಅಷ್ಟು ಬಲವಾಗಿ ಹಳಿದವನು ಯುದ್ಧದ ಆಟವನ್ನು ಅಷ್ಟು ಪ್ರೀತಿಯಿಂದ ಏಕೆ ಆಡಿದನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಅಂಗಡಿಯ ಹುಡುಗ

ವೆಲ್ಸ್ ಹುಟ್ಟಿದ್ದು 1866ನೆಯ ಸೆಪ್ಟೆಂಬರ್ 21ರಂದು, ಇಂಗ್ಲೆಂಡಿನ ಕೆಂಟ್ ಪ್ರಾಂತದ ಬ್ರಾಮ್ಲಿ ಎಂಬ ಊರಿನಲ್ಲಿ. ತಂದೆ ಜೋಸೆಫ್ ಮೊದಲು ತೋಟಗಾರ, ಆಮೇಲೆ ಪಿಂಗಾಣಿ ಸಾಮಾನಿನ ಅಂಗಡಿಕಾರ. ಅಂಗಡಿಯಲ್ಲಿ ವ್ಯಾಪಾರ ಅಷ್ಟಕ್ಕಷ್ಟೆ. ಆದರೆ ಮನುಷ್ಯನು ಒಳ್ಳೆಯ ಕ್ರಿಕೆಟ್ ಆಟಗಾರ. 1862ರಲ್ಲಿ ಸಸೆಕ್ಸ್ ತಂಡದ ಮೇಲೆ ಒಂದಾದ ಮೇಲೊಂದು ನಾಲ್ಕು ಚೆಂಡುಗಳಲ್ಲಿ ನಾಲ್ಕು ವಿಕೆಟ್ ಉರುಳಿಸಿದವನು. ಆಟದಿಂದ ಬಂದ ಕಾಸು ಮನೆಗೆ ಆಧಾರವಾಗಿತ್ತು. 1877ರಲ್ಲಿ ಆತನು ಬಿದ್ದು ತೊಡೆಯ ಮೂಳೆ ಮುರಿಯಿತು. ಆ ಆದಾಯವೂ ನಿಂತಿತು. ತಾಯಿ ಸಾರಾ ಮದುವೆಗೆ ಮುಂಚೆ ದೊಡ್ಡ ಮನೆತನವೊಂದರಲ್ಲಿ ಪರಿಚಾರಿಕೆಯಾಗಿದ್ದವಳು. 1880ರಲ್ಲಿ ಆಕೆ ಮತ್ತೆ ಅದೇ ಅಪ್ಪಾರ್ಕ್ ಬಂಗಲೆಗೆ ಮನೆವಾರ್ತೆ ನೋಡಿಕೊಳ್ಳಲು ಹೊರಟಳು. ಸಂಸಾರ ಒಡೆದು ಚೆಲ್ಲಾಪಿಲ್ಲಿಯಾಯಿತು.

ಇದಕ್ಕೆ ಮುಂಚೆ, ಏಳೆಂಟು ವರ್ಷದವನಿದ್ದಾಗ, ಹುಡುಗನ ಕಾಲೂ ಮುರಿದಿತ್ತು. ಹಾಸಿಗೆ ಹಿಡಿದ ಆ ವಾರಗಳಲ್ಲಿ ತಂದೆ ತಂದುಕೊಟ್ಟ ಪುಸ್ತಕಗಳನ್ನೆಲ್ಲ ಅವನು ಓದಿ ಮುಗಿಸಿದನು. ಆ ಮುರಿದ ಕಾಲೇ ತನ್ನ ಭಾಗ್ಯವನ್ನು ತೆರೆಯಿತೆಂದು ಮುಂದೆ ತಾನೇ ನೆನೆದುಕೊಂಡಿದ್ದಾನೆ. ಬ್ರಾಮ್ಲಿಯ ಹೊಲಗದ್ದೆಗಳಲ್ಲಿ ಒಬ್ಬನೇ ತಿರುಗುತ್ತ, ದಿಬ್ಬ ಕಂಡಲ್ಲಿ ಫಿರಂಗಿ, ಬೇಲಿ ಕಂಡಲ್ಲಿ ಕಾಲಾಳುಗಳನ್ನು ಕಲ್ಪಿಸಿಕೊಂಡು, ಮಹಾಸೈನ್ಯಗಳನ್ನು ಮನಸ್ಸಿನಲ್ಲಿಯೇ ನಡೆಸುವ ಚಾಳಿ ಅವನಿಗೆ ಬಾಲ್ಯದಲ್ಲಿಯೇ ಹತ್ತಿತ್ತು.

ಹದಿಮೂರು ತುಂಬಿದ ಹುಡುಗನನ್ನು ವಿಂಡ್ಸರಿನ ಜವಳಿ ಅಂಗಡಿಯೊಂದಕ್ಕೆ ಸೇರಿಸಿ ನಗದು ಗಲ್ಲಾದ ಮುಂದೆ ಕೂರಿಸಿದರು. ದಿನದ ಕೊನೆಗೆ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಮನಸ್ಸೆಲ್ಲ ಗಲ್ಲಾದ ಮರೆಯಲ್ಲಿಟ್ಟ ಪುಸ್ತಕದಲ್ಲಿ. ನಮ್ಮಂಥ ಬ್ಯಾಂಕಿನ ಗುಮಾಸ್ತರಿಗೆ ಈ ಪ್ರಸಂಗವನ್ನು ಓದುವಾಗ ಎದೆ ಡವಗುಟ್ಟದೆ ಇರದು. ಕೆಲವೇ ವಾರಗಳಲ್ಲಿ ಅಲ್ಲಿಂದ ಬಿಡುಗಡೆಯಾಯಿತು. 1881ರಿಂದ 1883ರವರೆಗೆ ಸೌತ್‌ಸೀ ಊರಿನ ಇನ್ನೊಂದು ಜವಳಿ ಅಂಗಡಿಯಲ್ಲಿ ದಿನಕ್ಕೆ ಹದಿಮೂರು ಗಂಟೆ ದುಡಿತ, ರಾತ್ರಿ ಉಳಿದ ಹುಡುಗರೊಂದಿಗೆ ಸಾಲು ಮಂಚಗಳಲ್ಲಿ ನಿದ್ರೆ. ಒಂದು ಭಾನುವಾರ ಹದಿನೇಳು ಮೈಲಿ ನಡೆದು ತಾಯಿಯ ಬಳಿಗೆ ಹೋಗಿ, ಇನ್ನು ಈ ಕೆಲಸ ತನ್ನಿಂದಾಗದೆಂದು ಹೇಳಿಬಿಟ್ಟನು. ಹಣ ಕಟ್ಟಿ ಸೇರಿಸಿದ ತಾಯಿಗೆ ದುಃಖವಾಯಿತು. ಆದರೂ ಕಡೆಗೆ ಒಪ್ಪಿದಳು. ಮಿಡ್‌ಹರ್ಸ್ಟ್ ಶಾಲೆಯಲ್ಲಿ ಪಾಠ ಕಲಿಯುತ್ತ ಪಾಠ ಹೇಳುವ ಕೆಲಸ ದೊರೆಯಿತು. 1884ರಲ್ಲಿ ವಾರಕ್ಕೊಂದು ಗಿನಿಯ ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ವಿಜ್ಞಾನಶಾಲೆಗೆ ಸೇರಿ, ಪ್ರಸಿದ್ಧ ಜೀವಶಾಸ್ತ್ರಜ್ಞ ಟಿ. ಎಚ್. ಹಕ್ಸ್‌ಲಿಯ ಪಾಠವನ್ನು ಕೇಳಿದನು. ಪದವಿ ಮಾತ್ರ ಆಗ ಕೈಗೂಡಲಿಲ್ಲ. ಉಪಾಧ್ಯಾಯ ವೃತ್ತಿ ಮಾಡುತ್ತಲೇ 1890ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಬಿ. ಎಸ್‌ಸಿ. ಗಳಿಸಿದನು. ಹಗಲು ದುಡಿದು ರಾತ್ರಿ ಓದಿ ಪರೀಕ್ಷೆಗೆ ಕಟ್ಟುವ ನಮ್ಮ ಹುಡುಗರು ಈ ಮಾತನ್ನು ನೆನಪಿಡತಕ್ಕದ್ದು.

ದೇಹಸ್ಥಿತಿಯೂ ಒಳ್ಳೆಯದಾಗಿರಲಿಲ್ಲ. 1887ರಲ್ಲಿ ಕಾಲ್ಚೆಂಡಿನ ಆಟದಲ್ಲಿ ಮೂತ್ರಪಿಂಡಕ್ಕೆ ಪೆಟ್ಟುಬಿದ್ದಿತ್ತು. 1893ರಲ್ಲಿ ಬಾಯಿಂದ ರಕ್ತ ಬಂದು, ತರಗತಿಯಲ್ಲಿ ನಿಂತು ಪಾಠ ಹೇಳುವುದು ಅಸಾಧ್ಯವಾಯಿತು. ಬದುಕಲು ಉಳಿದದ್ದು ಲೇಖಣಿಯೊಂದೆ. 1895ರಲ್ಲಿ ಕಾಲಯಂತ್ರದ ಕಥೆ, 1897ರಲ್ಲಿ ಅದೃಶ್ಯ ಮನುಷ್ಯನ ಕಥೆ, 1898ರಲ್ಲಿ ಮಂಗಳ ಗ್ರಹದವರು ಭೂಮಿಗೆ ದಾಳಿಯಿಟ್ಟ ಕಥೆ ಹೊರಬಂದವು. ಐದಾರು ವರ್ಷಗಳಲ್ಲಿ ಅಂಗಡಿಯ ಹುಡುಗನು ಇಂಗ್ಲೆಂಡಿನ ಮನೆಮಾತಾದನು. ಆತನ ಗೃಹಜೀವನ ಮಾತ್ರ ನಮ್ಮವರು ಮೆಚ್ಚುವಂಥದಲ್ಲ. ಮೊದಲನೆಯ ಹೆಂಡತಿಯನ್ನು ಬಿಟ್ಟನು, ಎರಡನೆಯವಳಿಗೂ ನಿಷ್ಠನಾಗಿರಲಿಲ್ಲ. ಆದರೆ ಆ ಎರಡನೆಯ ಪತ್ನಿಯಲ್ಲಿ 1901ರಲ್ಲಿಯೂ 1903ರಲ್ಲಿಯೂ ಹುಟ್ಟಿದ ಜಾರ್ಜ್ ಫಿಲಿಪ್ ಮತ್ತು ಫ್ರಾಂಕ್ ಎಂಬ ಗಂಡುಮಕ್ಕಳಿಗೆ ಆತನು ಅಕ್ಕರೆಯ ತಂದೆಯಾಗಿದ್ದನು. ನಮ್ಮ ಕಥೆ ಮುಂದುವರಿಯುವುದು ಆ ಮಕ್ಕಳ ಕೋಣೆಯಲ್ಲಿ.

ಪುಟ್ಟ ಸಮರಗಳು

ಆ ಕಾಲಕ್ಕೆ ಇಂಗ್ಲೆಂಡಿನ ಮಕ್ಕಳ ಕೋಣೆಗಳೆಲ್ಲ ಸೀಸದ ಸಿಪಾಯಿಗಳಿಂದ ತುಂಬಿದ್ದವು. ವಿಲಿಯಂ ಬ್ರಿಟನ್ನನ ಕಾರ್ಖಾನೆಯವರು 1893ರಲ್ಲಿ ಒಳಗೆ ಪೊಳ್ಳಾದ ಗೊಂಬೆಯನ್ನು ಎರಕ ಹೊಯ್ಯುವ ಯುಕ್ತಿಯನ್ನು ಕಂಡುಹಿಡಿದ ಮೇಲೆ ಲೋಹದ ಖರ್ಚು ತಗ್ಗಿ ಬೆಲೆಯೂ ಇಳಿದಿತ್ತು. ಅವರೇ ಮಾಡಿದ ಒಂದು ಪುಟ್ಟ ಫಿರಂಗಿ, ಸ್ಪ್ರಿಂಗಿನ ಬಲದಿಂದ ಒಂದಂಗುಲದ ಮರದ ಗುಂಡನ್ನು ಹಾರಿಸುತ್ತಿತ್ತು. ಒಂಬತ್ತು ಗಜ ದೂರದ ಸಿಪಾಯಿಯನ್ನು ಹತ್ತಕ್ಕೆ ಒಂಬತ್ತು ಸಲ ಕೆಡವಬಲ್ಲ ಗುರಿ ಅದರದು.

ಸ್ಯಾಂಡ್‌ಗೇಟಿನಲ್ಲಿ ಕಡಲ ಬದಿಗೆ ವೆಲ್ಸ್ ಕಟ್ಟಿಸಿದ ಮನೆಯಲ್ಲಿ ಒಂದು ದಿನ ಊಟ ಮುಗಿದ ಮೇಲೆ, ಅತಿಥಿಯಾಗಿ ಬಂದಿದ್ದ ಹಾಸ್ಯಲೇಖಕ ಜೆರೋಮ್ ಕೆ. ಜೆರೋಮ್ ಆ ಫಿರಂಗಿಯನ್ನು ಕೈಗೆತ್ತಿಕೊಂಡು ನೆಲದ ಮೇಲಿದ್ದ ಸಿಪಾಯಿಗಳಿಗೆ ಗುರಿಯಿಟ್ಟನಂತೆ. ಒಬ್ಬ ಬಿದ್ದನು. ಪಂಥ ಹುಟ್ಟಿತು. ಅಲ್ಲಿಂದ ಆಟ ಬೆಳೆಯಿತು. ಬರಿಯ ಗುರಿಯಾಟದಲ್ಲಿ ಸ್ವಾರಸ್ಯವಿಲ್ಲವೆಂದು ವಿಶ್ವಕೋಶದ ದಪ್ಪ ಸಂಪುಟಗಳನ್ನು ಗುಡ್ಡಗಳಾಗಿ ಇಟ್ಟರು. ಮುಂದೆ ಹಲಗೆಗಳಿಂದ ಬೆಟ್ಟ, ಕಾಗದದ ಮನೆ, ಗಿಡದ ರೆಂಬೆಗಳಿಂದ ಕಾಡು ಇವೆಲ್ಲ ಬಂದು, ನೆಲಹಾಸು ಒಂದು ರಾಜ್ಯವೇ ಆಯಿತು. 1911ರಲ್ಲಿ ನೆಲದ ಮೇಲಿನ ಆಟಗಳ ವಿಚಾರವಾಗಿ ಒಂದು ಪುಸ್ತಕವನ್ನೂ, 1913ರಲ್ಲಿ ಪುಟ್ಟ ಸಮರಗಳು ಎಂಬರ್ಥದ ಹೆಸರಿನ ಇನ್ನೊಂದನ್ನೂ ವೆಲ್ಸ್ ಹೊರತಂದನು.

ನಿಯಮಗಳು ಸರಳವಾದವು, ಆದರೆ ಬಿಗಿಯಾದವು. ರಣಭೂಮಿಯನ್ನು ಒಬ್ಬನು ಏರ್ಪಡಿಸಬೇಕು, ಯಾವ ಪಕ್ಕದಿಂದ ಕಾದಬೇಕೆಂಬುದನ್ನು ಇನ್ನೊಬ್ಬನು ಆರಿಸಬೇಕು. ಅಣ್ಣ ಹೋಳಿಗೆ ಮುರಿದರೆ ತಮ್ಮ ಮೊದಲು ಆರಿಸಲಿ ಎಂಬ ನಮ್ಮ ಮನೆಗಳ ನ್ಯಾಯವೇ ಇದು. ನಡುವೆ ಪರದೆ ಕಟ್ಟಿ, ಒಬ್ಬರ ವ್ಯೂಹ ಇನ್ನೊಬ್ಬರಿಗೆ ಕಾಣದಂತೆ ಸೈನ್ಯಗಳನ್ನು ನಿಲ್ಲಿಸುವುದು. ಪರದೆ ಸರಿದ ಮೇಲೆ ಕಾಲಾಳು ಒಂದು ಸರದಿಗೆ ಒಂದಡಿ, ಸವಾರ ಎರಡಡಿ ನಡೆಯಬಹುದು. ಫಿರಂಗಿಯ ಬಳಿ ಆರಂಗುಲದೊಳಗೆ ನಾಲ್ಕು ಜನ ಬದುಕಿದ್ದರೆ ಮಾತ್ರ ಅದು ಹಾರೀತು. ಹಾರಿದರೂ ಸರದಿಗೆ ನಾಲ್ಕೇ ಗುಂಡು. ಎರಡು ಪಡೆಗಳು ಮೈಗೆ ಮೈ ತಾಗಿದರೆ ಒಬ್ಬನಿಗೆ ಒಬ್ಬನಂತೆ ಎರಡು ಕಡೆಯವರೂ ಸಾಯತಕ್ಕದ್ದು. ಬೆಂಬಲ ತಪ್ಪಿ ಒಂಟಿಯಾದ ಸಣ್ಣ ತುಕಡಿ ಸೆರೆಯಾಗತಕ್ಕದ್ದು. ಯೋಚನೆಗೂ ಮಿತಿಯುಂಟು: ಮೂವತ್ತು ಸಿಪಾಯಿಗಳಿಗೆ ಒಂದು ನಿಮಿಷ, ಫಿರಂಗಿಯೊಂದಕ್ಕೆ ಒಂದು ನಿಮಿಷ, ಅಷ್ಟರಲ್ಲಿಯೇ ಸರದಿ ಮುಗಿಯಬೇಕು. ಗಡಿಯಾರ ಹಿಡಿದವನು ವೇಳೆ ಕೂಗುತ್ತಿದ್ದರೆ ಎಂಥ ಗಂಭೀರ ಮಹನೀಯನೂ ಗಾಬರಿಯಿಂದ ತನ್ನ ಸವಾರರನ್ನು ತಪ್ಪು ಕಣಿವೆಗೆ ನುಗ್ಗಿಸುತ್ತಿದ್ದನು. ಯುದ್ಧಗಳಲ್ಲಿ ಸೇನಾಪತಿಗಳು ಏಕೆ ಎಡವುತ್ತಾರೆಂಬುದು ಆಗ ಅರ್ಥವಾಗುತ್ತಿತ್ತು.

ಯುದ್ಧದ ಆಟ ವೆಲ್ಸನ ಸ್ವಂತ ಕಲ್ಪನೆಯೇನೂ ಅಲ್ಲ. ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಸ್ 1824ರಲ್ಲಿಯೇ ನಕ್ಷೆಯ ಮೇಲೆ ದಾಳ ಹಾಕಿ ಆಡುವ ಯುದ್ಧಾಭ್ಯಾಸವನ್ನು ರೂಪಿಸಿ ತನ್ನ ಸೈನ್ಯಕ್ಕೆ ಕೊಟ್ಟಿದ್ದನು. ಕಾದಂಬರಿಕಾರ ಸ್ಟೀವನ್‌ಸನ್ ಕಾಯಿಲೆಯಿಂದ ದಾವೋಸಿನಲ್ಲಿದ್ದಾಗ ಮಲಮಗನೊಡನೆ ಸೀಸದ ಸಿಪಾಯಿಗಳ ಸಮರವನ್ನಾಡಿದ್ದನು. ಆದರೆ ಸೇನೆಯವರ ಆಟ ಪಟ್ಟಿ, ಕೋಷ್ಟಕ, ಪಂಚಾಯಿತರ ತೀರ್ಪುಗಳಲ್ಲಿ ಮುಳುಗಿ ನೀರಸವಾಗಿತ್ತು. ಸ್ಟೀವನ್‌ಸನ್ನನ ಆಟ ಆತನ ಮನೆಯಲ್ಲಿಯೇ ಉಳಿಯಿತು. ಯಾರು ಬೇಕಾದರೂ ಆಡಬಹುದಾದ ನಿಯಮಗಳನ್ನು ಮಾಡಿ ಅಚ್ಚು ಹಾಕಿಸಿದ್ದು ವೆಲ್ಸ್. ಆತನು ದಾಳವನ್ನು ಬಳಸಲಿಲ್ಲ. ಸೋತರೆ ಅದೃಷ್ಟವನ್ನು ದೂರುವಂತಿರಬಾರದು, ಸೋಲು ಗೆಲವು ಕೈಗುರಿ ಮತ್ತು ಬುದ್ಧಿಗಳ ಪಾಲಿಗೇ ಬರಬೇಕು ಎಂಬುದು ಆತನ ಮತ.

ಆಟದ ಕೊನೆಗೊಂದು ಲೆಕ್ಕವುಂಟು. ಬಿದ್ದವರೆಷ್ಟು, ಸೆರೆಯಾದವರೆಷ್ಟು, ಉಳಿದವರೆಷ್ಟು ಎಂದು ಎಣಿಸಬೇಕು. ಎಣಿಸಿದಾಗ ಗೆದ್ದವನೂ ಬೆಚ್ಚುತ್ತಿದ್ದನು. ಒಂದು ಹಳ್ಳಿಯ ಮನೆಯನ್ನು ಹಿಡಿಯಲು ಅರ್ಧ ಸೈನ್ಯ ಹೋಗಿರುತ್ತಿತ್ತು. ಪುಸ್ತಕದ ಕಡೆಯ ಭಾಗದಲ್ಲಿ ವೆಲ್ಸ್ ತನ್ನ ಮನಸ್ಸಿನ ಮಾತನ್ನು ಬಿಚ್ಚಿದ್ದಾನೆ. ಈ ಆಟವನ್ನು ಮೂರು ನಾಲ್ಕು ಸಲ ಆಡಿ ನೋಡಿದರೆ ನಿಜವಾದ ಯುದ್ಧ ಎಂಥ ಎಡವಟ್ಟಿನ, ಎಂಥ ದುಂದಿನ ಕೆಲಸವೆಂಬುದು ತಾನಾಗಿಯೇ ತಿಳಿಯುವುದೆಂದೂ, ಸಮರೋತ್ಸಾಹವುಳ್ಳ ರಾಜರನ್ನೂ ಸೇನಾನಿಗಳನ್ನೂ ಒಂದು ಕೋಣೆಯಲ್ಲಿ ಸೀಸದ ಸಿಪಾಯಿಗಳೊಡನೆ ಕೂಡಿಹಾಕಿ, ಉಳಿದ ಜನರನ್ನು ಬದುಕಗೊಡಬೇಕೆಂದೂ ಆತನ ಅಭಿಪ್ರಾಯ. ಕಿರ್ದಿ ಬರೆಯುವ ಕೈಗೆ ಈ ವಾದ ಚೆನ್ನಾಗಿ ಒಪ್ಪುತ್ತದೆ. ಖರ್ಚು ಎಷ್ಟೆಂದು ಕಾಣದವನೇ ಖರ್ಚಿಗೆ ಹೆದರದವನು.

ದೊಡ್ಡ ಯುದ್ಧ

ಪುಸ್ತಕ ಬಂದು ವರ್ಷ ಕಳೆಯುವಷ್ಟರಲ್ಲಿ, 1914ರ ಆಗಸ್ಟಿನಲ್ಲಿ, ಇಂಗ್ಲೆಂಡು ಮಹಾಯುದ್ಧಕ್ಕೆ ಇಳಿಯಿತು. ಇಲ್ಲಿ ವೆಲ್ಸನ ಜೀವನದ ಕಠಿಣ ಪರೀಕ್ಷೆ ಬಂದಿತು. ಆತನು ಅದರಲ್ಲಿ ಪೂರ್ತಿಯಾಗಿ ತೇರ್ಗಡೆಯಾದನೆಂದು ಹೇಳುವಂತಿಲ್ಲ. ನೆಲಹಾಸಿನ ಮೇಲೆ ಯುದ್ಧದ ಹುಚ್ಚನ್ನು ಕಂಡಿದ್ದವನೇ, ಇದು ಎಲ್ಲ ಯುದ್ಧಗಳಿಗೂ ಕೊನೆ ಹಾಡುವ ಯುದ್ಧವೆಂದು ನಂಬಿ, ಆವೇಶದಿಂದ ಲೇಖನಗಳನ್ನು ಬರೆದನು. ಆ ಹೆಸರಿನ ಪುಸ್ತಕವೂ ಅದೇ ವರ್ಷ ಬಂದಿತು. 1918ರಲ್ಲಿ ಶತ್ರುದೇಶಕ್ಕೆ ಪ್ರಚಾರ ಕಳುಹಿಸುವ ಸರಕಾರಿ ಕಚೇರಿಯಲ್ಲಿಯೂ ಕೆಲವು ಕಾಲ ಕೆಲಸ ಮಾಡಿದನು.

ಈ ಸಲ ಬಿದ್ದ ಸಿಪಾಯಿಗಳು ಪೆಟ್ಟಿಗೆಗೆ ಮರಳಲಿಲ್ಲ. ಸತ್ತ ಸೈನಿಕರ ಸಂಖ್ಯೆ ತೊಂಬತ್ತು ಲಕ್ಷವನ್ನು ಮೀರಿತು. ನಮ್ಮ ದೇಶದವರೇ 70,000ಕ್ಕೂ ಮಿಕ್ಕಿ ಮಡಿದರು. 1918ನೆಯ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಊರನ್ನು ಹಿಡಿದ ಸವಾರರಲ್ಲಿ ಜೋಧಪುರದವರೊಂದಿಗೆ ನಮ್ಮ ಮೈಸೂರು ಸಂಸ್ಥಾನದ ಲ್ಯಾನ್ಸರ್ ದಳದವರೂ ಇದ್ದರು. ದಿಲ್ಲಿಯಲ್ಲಿರುವ ಕನ್ನಡಿಗರು ದಿನನಿತ್ಯ ಬಸ್ಸಿನಿಂದ ಕಾಣುವ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ದಳಗಳ ಸ್ಮರಣೆಗಾಗಿ ನಿಂತವು. 2018ರಿಂದ ಆ ವೃತ್ತದ ಹೆಸರಿಗೆ ಹೈಫಾ ಎಂಬುದೂ ಸೇರಿದೆ. ಮೂವರಲ್ಲಿ ಒಬ್ಬನು ನಮ್ಮ ಕಡೆಯವನೆಂಬುದು ಮಕ್ಕಳಿಗೆ ತಿಳಿದಿರಲಿ.

ವೆಲ್ಸನ ಸ್ವಂತ ಮಕ್ಕಳ ಮಾತು ಬೇರೆ. ಯುದ್ಧ ಮುಗಿದಾಗ ಹಿರಿಯನಿಗೆ ಹದಿನೇಳು, ಕಿರಿಯನಿಗೆ ಹದಿನೈದು. ಕೆಲವು ವರ್ಷ ಮುಂಚೆ ಹುಟ್ಟಿದ್ದರೆ ಅವರೂ ಕಂದಕಗಳಿಗೆ ಹೋಗಬೇಕಾಗುತ್ತಿತ್ತು. ತಂದೆಗೆ ಇದು ಗೊತ್ತಿರಲಿಲ್ಲವೆಂದು ಯಾರೂ ಭಾವಿಸಲಾರರು. ಯುದ್ಧದ ಕಾಲದಲ್ಲಿಯೇ ಆತನು ಆವೇಶದಿಂದಿಳಿದು, ರಾಷ್ಟ್ರಗಳ ಒಕ್ಕೂಟವೊಂದು ಆಗಬೇಕೆಂದು ವಾದಿಸತೊಡಗಿದನು. ಉಳಿದ ಆಯುಷ್ಯವನ್ನೆಲ್ಲ ಬಹುಮಟ್ಟಿಗೆ ಅದಕ್ಕೇ ಕೊಟ್ಟನು.

ಮಸ್ಕಿಯ ಅರಸ

ದೇಶದೇಶದ ಮಕ್ಕಳು ತಂತಮ್ಮ ರಾಜರ ವಿಜಯಗಳನ್ನು ಮಾತ್ರ ಕಲಿಯುವುದರಿಂದಲೇ ಯುದ್ಧಗಳು ಹುಟ್ಟುತ್ತವೆಂದು ವೆಲ್ಸ್ ನಂಬಿದನು. ಆದುದರಿಂದ ಇಡೀ ಮಾನವಕುಲಕ್ಕೆ ಒಂದೇ ಚರಿತ್ರೆಯನ್ನು ಬರೆಯಲು ಕುಳಿತನು. 1919-20ರಲ್ಲಿ ಹೊರಬಂದ ಆ ಚರಿತ್ರೆಯ ರೂಪರೇಖೆ ಲಕ್ಷಾಂತರ ಪ್ರತಿಗಳಲ್ಲಿ ಹಬ್ಬಿತು. ಸೆರೆಮನೆಯಿಂದ ಮಗಳಿಗೆ ಜಗತ್ತಿನ ಕಥೆಯನ್ನು ಪತ್ರಗಳಲ್ಲಿ ಬರೆದ ಜವಾಹರಲಾಲ್ ನೆಹರೂ ಅವರಿಗೂ ಈ ಗ್ರಂಥ ನೆರವಾಯಿತು.

ಅದರಲ್ಲಿ ಅಲೆಗ್ಸಾಂಡರನಿಗೂ ಸೀಸರನಿಗೂ ನೆಪೋಲಿಯನ್ನನಿಗೂ ದೊರೆಯದ ಮನ್ನಣೆ ಒಬ್ಬ ಭಾರತೀಯ ಅರಸನಿಗೆ ದೊರೆತಿದೆ. ಆತನು ಅಶೋಕ. ಗೆದ್ದ ಮೇಲೆ ಯುದ್ಧವನ್ನು ಬಿಟ್ಟ ಅರಸನೆಂಬುದೇ ವೆಲ್ಸನ ಮೆಚ್ಚುಗೆಗೆ ಕಾರಣ. ಕಳಿಂಗದ ಕದನದಲ್ಲಿ ಸೆರೆಯಾದವರೆಷ್ಟು, ಸತ್ತವರೆಷ್ಟು ಎಂಬ ಲೆಕ್ಕವನ್ನು ಅಶೋಕನು ಬಂಡೆಯ ಮೇಲೆ ಕೆತ್ತಿಸಿದನು. ಸೆರೆಯಾದವರು ಒಂದೂವರೆ ಲಕ್ಷ, ಹತರಾದವರು ಒಂದು ಲಕ್ಷ. ತನ್ನ ವಿಜಯದ ಖರ್ಚನ್ನು ತಾನೇ ಎಣಿಸಿ ನೊಂದು, ಲೋಕಕ್ಕೆ ತೋರಿಸಿದ ಅರಸರು ಎಷ್ಟು ಜನ? ಆ ಅರಸನಿಗೂ ಕನ್ನಡ ನೆಲಕ್ಕೂ ನಂಟುಂಟು. ಶಾಸನಗಳ ದೇವಾನಾಂಪ್ರಿಯನು ಅಶೋಕನೇ ಎಂಬುದನ್ನು ಹೆಸರು ಹಿಡಿದು ಸ್ಥಿರಪಡಿಸಿದ್ದು ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆ. ಅದು ಬೆಳಕಿಗೆ ಬಂದದ್ದು 1915ರಲ್ಲಿ, ಯೂರೋಪಿನ ಕಂದಕಗಳಲ್ಲಿ ಫಿರಂಗಿ ಮೊಳಗುತ್ತಿದ್ದ ಕಾಲದಲ್ಲಿ.

ಕೊನೆಯ ದಿನಗಳು

1934ರ ಒಂದೇ ವರ್ಷದಲ್ಲಿ ವೆಲ್ಸ್ ಅಮೆರಿಕದ ರೂಸ್‌ವೆಲ್ಟ್ ಮತ್ತು ರಷ್ಯದ ಸ್ಟಾಲಿನ್ ಇಬ್ಬರನ್ನೂ ಕಂಡು ಮಾತನಾಡಿ ಬಂದನು. ಅದೇ ವರ್ಷ, ತಾನೂ ಮಧುಮೇಹಿಯಾಗಿದ್ದುದರಿಂದ, ಆ ರೋಗಿಗಳ ನೆರವಿಗಾಗಿ ವೈದ್ಯ ಆರ್. ಡಿ. ಲಾರೆನ್ಸನೊಡನೆ ಸಂಘವೊಂದನ್ನು ಕಟ್ಟಿದನು. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ಸುರಿಯುತ್ತಿದ್ದಾಗ, ಎಪ್ಪತ್ತು ದಾಟಿದ ಆತನು ತನ್ನ ಮನೆಯನ್ನು ಬಿಟ್ಟು ಕದಲಲಿಲ್ಲ. 1940ರಲ್ಲಿ ಮನುಷ್ಯನ ಹಕ್ಕುಗಳನ್ನು ಕುರಿತು ಪುಸ್ತಕ ಬರೆದನು. ವಿಶ್ವಸಂಸ್ಥೆ ಆ ವಿಷಯವನ್ನು ಘೋಷಿಸಿದ್ದು 1948ರಲ್ಲಿ. ಅದನ್ನು ಕಾಣಲು ಆತನಿರಲಿಲ್ಲ.

ಕಂಡದ್ದು ಬೇರೆಯೇ. ಅಣುವನ್ನು ಒಡೆದು ಮಾಡಿದ ಬಾಂಬುಗಳು ಪಟ್ಟಣಗಳನ್ನು ಸುಡುವುದನ್ನು ಆತನು 1914ರ ಕಾದಂಬರಿಯೊಂದರಲ್ಲಿಯೇ ಕಲ್ಪಿಸಿ ಎಚ್ಚರಿಸಿದ್ದನು. 1945ರ ಆಗಸ್ಟಿನಲ್ಲಿ ಹಿರೋಷಿಮಾ ಸುಟ್ಟಿತು. ಅದೇ ವರ್ಷದ ಆತನ ಕಡೆಯ ಪುಸ್ತಕದಲ್ಲಿ ಆಶೆಯ ಕಿರಣ ಬಹಳ ಕ್ಷೀಣ. 1946ನೆಯ ಆಗಸ್ಟ್ 13ರಂದು ಲಂಡನ್ನಿನಲ್ಲಿ ತೀರಿಕೊಂಡನು. ಚಿತಾಭಸ್ಮವನ್ನು ಕಡಲಿಗೆ ಬಿಟ್ಟರು. ಹಿರಿಯ ಮಗನು ಆ ವೇಳೆಗೆ ಹೆಸರಾದ ಪ್ರಾಣಿಶಾಸ್ತ್ರಜ್ಞ.

ಆಟ ಉಳಿಯಿತು

ವೆಲ್ಸನ ಆಟ ಆತನೊಡನೆ ಸಾಯಲಿಲ್ಲ. 1965ರಲ್ಲಿ ಟೋನಿ ಬಾತ್ ಎಂಬಾತನು ಇಂಗ್ಲೆಂಡಿನಲ್ಲಿ ಪ್ರಾಚೀನ ಕಾಲದ ಯುದ್ಧಗಳನ್ನೇ ಗೊಂಬೆಗಳಿಂದ ಆಡುವವರ ಸಂಘವೊಂದನ್ನು ಸ್ಥಾಪಿಸಿದನು. ಫಿಲ್ ಬಾರ್ಕರ್ ಮುಂತಾದವರು 1969ರಿಂದ ಅದಕ್ಕೆ ನಿಯಮಗಳನ್ನು ಬರೆದರು. 1990ರಲ್ಲಿ ಒಂದು ಪಕ್ಷಕ್ಕೆ ಹನ್ನೆರಡೇ ತುಕಡಿಗಳಲ್ಲಿ ಮುಗಿಯುವ ಚಿಕ್ಕ ಆಟವೂ ಬಂದಿತು. ಸ್ಪ್ರಿಂಗಿನ ಫಿರಂಗಿ ಹೋಗಿ, ವೆಲ್ಸ್ ಒಲ್ಲದಿದ್ದ ದಾಳ ಬಂದಿತು. ಪ್ರಾಚೀನರಿಗೆ ಫಿರಂಗಿ ಎಲ್ಲಿಯದು?

ಕ್ರಿ. ಪೂ. 216ರ ಕ್ಯಾನೆ ಕದನವನ್ನು ಇವರು ಮತ್ತೆ ಮತ್ತೆ ಆಡುತ್ತಾರೆ. ಹಳೆಯ ಚರಿತ್ರೆಕಾರರ ಪ್ರಕಾರ ರೋಮಿನವರು ಸುಮಾರು ಎಂಬತ್ತು ಸಾವಿರ, ಹನಿಬಾಲನ ಕಡೆ ಐವತ್ತು ಸಾವಿರ. ಹನಿಬಾಲನು ನಡುವಿನ ಸಾಲನ್ನು ಬೇಕೆಂತಲೇ ಮೆಲ್ಲಗೆ ಹಿಂದೆ ಸರಿಯಗೊಟ್ಟು, ಎರಡು ಪಕ್ಕಗಳಿಂದ ಅಮುಕಿ, ಹಿಂದಿನಿಂದ ಸವಾರರನ್ನು ನುಗ್ಗಿಸಿ, ಆ ಮಹಾಸೈನ್ಯವನ್ನು ಚೀಲದಲ್ಲಿ ಕಟ್ಟಿದಂತೆ ಕಟ್ಟಿದನು. ರೋಮಿನವನಾಗಿ ಕುಳಿತವನು ಇದನ್ನೆಲ್ಲ ಓದಿರುತ್ತಾನೆ. ಓದಿಯೂ, ಎದುರಿನ ನಡುಸಾಲು ಕುಗ್ಗುವುದನ್ನು ಕಂಡರೆ ಗೆಲವು ಕೈಗೆ ಬಂದಿತೆಂದು ಮುನ್ನುಗ್ಗುವ ಆಶೆ ತಡೆಯದು. ಚರಿತ್ರೆಯನ್ನು ಕಂಠಪಾಠ ಮಾಡುವುದಕ್ಕೂ, ಆ ಗಳಿಗೆಯಲ್ಲಿ ನಿಂತು ನೋಡುವುದಕ್ಕೂ ಇರುವ ಅಂತರ ಇದು.

ಆಟ ಆಡಿದವರೆಲ್ಲ ಶಾಂತಿಪ್ರಿಯರಾದರೆಂದು ಹೇಳಲಾಗದು. ವೆಲ್ಸನೇ 1914ರಲ್ಲಿ ತನ್ನ ಪಾಠವನ್ನು ಕೆಲವು ಕಾಲ ಮರೆತನು. ಪ್ರಷ್ಯದ ಸೇನಾಧಿಕಾರಿಗಳು ಆಡಿದ್ದು ಗೆಲ್ಲುವುದನ್ನು ಕಲಿಯಲಿಕ್ಕೆ. ಹೀಗಿರಲು ಆಟ ತಾನಾಗಿ ಗುರುವಾಗುವುದಿಲ್ಲ. ಆಟ ಮುಗಿದ ಮೇಲೆ ಬಿದ್ದವರನ್ನು ಎಣಿಸುವ ಅಭ್ಯಾಸವೇ ಗುರು. ವಾಚಕ ಮಹಾಶಯರು ತಮ್ಮ ಮಕ್ಕಳು ಸಿಪಾಯಿಗಳನ್ನಿಟ್ಟು ಕಾಳಗ ಹೂಡಿದಾಗ ಗದರಿಸದೆ ಒಂದು ಗಳಿಗೆ ಪಕ್ಕದಲ್ಲಿ ಕುಳಿತು, ಆಟ ಮುಗಿದ ಮೇಲೆ ಆ ಎಣಿಕೆಯೊಂದನ್ನು ಮಾಡಿಸಿದರೆ ಸಾಕು. ನಮ್ಮ ಮಕ್ಕಳು ಕೆಡವುವ ಸಿಪಾಯಿಗಳೆಲ್ಲ ಸಂಜೆಗೆ ಎದ್ದು ಪೆಟ್ಟಿಗೆ ಸೇರುವಂಥವರೇ ಆಗಿರಲಿ ಎಂದು ಈ ರಾಜ್ಯೋತ್ಸವದ ದಿನ ಹಾರೈಸೋಣ.